ಬೋರ್ಡೋ ಹೊಡೆಸಿದ್ರೂ ಕೊಳೆರೋಗ ನಿಲ್ತಿರ್ಲಿಲ್ಲ, ಸುಣ್ಣ ಬದಲಿಸಿದ್ಮೇಲೆ ಸರಿಹೋಯ್ತು
ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಕಲಸಿ ಮಾಡೋ ಬೋರ್ಡೋ ದ್ರಾವಣ ಹೊಡೆಸಿದ್ರೂ ಮಳೆ ಜೋರಾದ ಕೂಡ್ಲೇ ಕೊಳೆರೋಗಕ್ಕೆ ಅಡಿಕೆ ಉದುರೋದು ನಿಲ್ತಿರ್ಲಿಲ್ಲ. ಔಷಧಿ ಅಂಗಡಿಯವ್ರು ದುಬಾರಿ ಪ್ಯಾಕೆಟ್ ತೋರಿಸಿದ್ರು, ನಂಗೆ ಅನುಮಾನ ಸುಣ್ಣದ್ ಮೇಲೇ. ಉಜ್ಜಿ ತೊಳೆದ ಕಬ್ಬಿಣದ ಚಾಕುನ ದ್ರಾವಣದಲ್ಲಿ ಒಂದ್ ನಿಮಿಷ ಅದ್ದಿದ್ರೆ ಅಲಗಿಗೆ ಕೆಂಪಗೆ ತಾಮ್ರ ಕೂತಿತ್ತು, ಅಂದ್ರೆ ಸುಣ್ಣ ಸಾಲ್ತಿಲ್ಲ, ದ್ರಾವಣ ಹುಳಿ. ಚೀಲ ಬಿಚ್ಚಿಟ್ಟು ಗಾಳಿ ಕುಡಿದ ಸುಣ್ಣದಲ್ಲಿ ಶಕ್ತಿ ಎಲ್ಲಿರುತ್ತೆ ಹೇಳಿ! ಹೊಸ ಸುಟ್ಟಸುಣ್ಣ ತಂದು ನೀರ್ ಹಾಕಿ ಅರಳಿಸಿ ಸೋಸಿ, 1 ಕೆಜಿ ಸುಣ್ಣ 50 ಲೀಟರ್ ನೀರಲ್ಲಿ, 1 ಕೆಜಿ ಮೈಲುತುತ್ತ ಇನ್ನೊಂದ್ 50 ಲೀಟರಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಲ್ಲೇ, ಆಮೇಲೆ ತುತ್ತದ ನೀರನ್ನ ಸುಣ್ಣದ ನೀರಿಗೆ ಸುರೀತಾ ತಿರುವಿದ್ವಿ, ಉಲ್ಟಾ ಮಾಡ್ಬೇಡಿ. ಈ ಸಲ ಚಾಕು ಕ್ಲೀನಾಗೇ ಬಂತು. ಕಲಸಿದ್ದನ್ನ ಅವತ್ತೇ ಹೊಡೆದು ಮುಗಿಸ್ಬೇಕು. ಉದುರೋದು ತುಂಬಾ ಕಮ್ಮಿಯಾಗಿದೆ, 45 ದಿನಕ್ಕೆ ಎರಡನೇ ಸ್ಪ್ರೇ ಇದೆ, ಮರ ಹತ್ತಿ ಹೊಡೆಯೋ ಕೊನೆಗಾರ ಸಿಕ್ರೆ.