ಅಕ್ಕತಂಗಿ ಕಾರುಗಳನ್ನು ಹೋಲಿಸಿ ನೋಡುವ ಬಗೆ

ತುಮಕೂರಿನಲ್ಲಿ ಅಕ್ಕತಂಗಿ ಕಾರುಗಳಲ್ಲಿ, ಅಂದರೆ ಒಂದೇ ತಳಹದಿಯ ಮೇಲೆ ಎರಡು ಬ್ರ್ಯಾಂಡುಗಳು ಬೇರೆ ಬೇರೆ ಹೆಸರಿನಲ್ಲಿ ಮಾರುವ ಕಾರುಗಳಲ್ಲಿ, ಒಂದನ್ನು ಕೊಳ್ಳಲು ಹೊರಟವರು ಮೊದಲು ಎರಡರ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ಮತ್ತು ಎಂಜಿನ್ ವಿವರಗಳನ್ನು ಅಕ್ಕಪಕ್ಕ ಬರೆದುಕೊಳ್ಳಬೇಕು. ಉದಾಹರಣೆಗೆ, 2021ರಲ್ಲಿ ಬಂದ ಸ್ಕೋಡಾ ಕುಶಾಕ್ ಮತ್ತು ಫೋಕ್ಸ್‌ವ್ಯಾಗನ್ ಟೈಗುನ್ ಎರಡರ ವೀಲ್‌ಬೇಸ್ 2,651 ಮಿ.ಮೀ.; ಭಾರತಕ್ಕೆಂದೇ ಹೊಂದಿಸಿದ ಎಂಕ್ಯೂಬಿ ಎ0 ಇನ್ ಎಂಬ ಪ್ಲಾಟ್‌ಫಾರ್ಮ್ (ಕಾರಿನ ತಳಹದಿ), 1.0 ಮತ್ತು 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್‌ಗಳೂ ಒಂದೇ. ತಳಹದಿಯನ್ನು ಒಮ್ಮೆ ರೂಪಿಸಿದರೆ ಅದರ ವೆಚ್ಚ ಎರಡೂ ಬ್ರ್ಯಾಂಡುಗಳಿಗೆ ಹಂಚಿಹೋಗುತ್ತದೆ. ಗ್ರಾಹಕನ ಕಣ್ಣಿಗೆ ಬೀಳುವ ಗ್ರಿಲ್, ದೀಪ, ಡ್ಯಾಶ್‌ಬೋರ್ಡ್, ಸ್ಟೀರಿಂಗ್ ಚಕ್ರ ಮಾತ್ರ ಪ್ರತಿಯೊಂದಕ್ಕೂ ಬೇರೆಯಾಗಿರುತ್ತವೆ. ಆದ್ದರಿಂದ ಎಂಜಿನ್ ಬಗ್ಗೆ ಶೋರೂಮಿನಲ್ಲಿ ಚರ್ಚಿಸುವುದಕ್ಕಿಂತ, ಮನೆಯವರನ್ನು ಕೂರಿಸಿಕೊಂಡು ದೇವರಾಯನದುರ್ಗದ ತಿರುವುಗಳಲ್ಲಿ ಎರಡನ್ನೂ ಒಂದೇ ದಿನ ಓಡಿಸಿ ನೋಡುವುದು ಹೆಚ್ಚು ಉಪಯುಕ್ತವೆಂದು ನಾನು ದೃಢವಾಗಿ ನಂಬುತ್ತೇನೆ. ಬಳಿಕ ಒಂದೇ ಸೌಲಭ್ಯವಿರುವ ಮಾದರಿಗಳ ಆನ್‌ರೋಡ್ ಬೆಲೆ, ವಾರಂಟಿ ಮತ್ತು ಸರ್ವೀಸ್ ಸೆಂಟರಿನ ದೂರವನ್ನು ತಾಳೆ ನೋಡಬೇಕು.