ಕನ್ನಡ ಓದುವ ಟೆಸೆರಾಕ್ಟ್: ಸೋರ್ಸ್ ಕೋಡ್‌ನಿಂದ ನೀವೇ ಬಿಲ್ಡ್ ಮಾಡಿ

ಶಾಲೆಯ ಹಳೆಯ ವಾರ್ಷಿಕ ಸಂಚಿಕೆ, ಸಹಕಾರ ಸಂಘದ ವರದಿ, ಜಾತ್ರೆಯ ಕರಪತ್ರ, ಅಜ್ಜನ ಕಾಲದ ನಾಟಕದ ಹಾಡಿನ ಪುಸ್ತಕ. ತುಮಕೂರು ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇವು ಇವೆ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟವರೂ ಇದ್ದಾರೆ. ಆದರೆ ಫೋಟೊ ಎಷ್ಟೆಂದರೂ ಚಿತ್ರ. ಅದರೊಳಗೆ ‘ಗುಬ್ಬಿ’ ಎಂಬ ಪದ ಎಲ್ಲಿದೆ ಎಂದು ಹುಡುಕಲು ಬರುವುದಿಲ್ಲ. ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿ ಕೊಡುವ ಮುಕ್ತ ತಂತ್ರಾಂಶ ಟೆಸೆರಾಕ್ಟ್. ಕನ್ನಡವೂ ಅದಕ್ಕೆ ಬರುತ್ತದೆ. ಅದನ್ನು ಸೋರ್ಸ್ ಕೋಡ್‌ನಿಂದ, ಅಂದರೆ ಅದರ ಮೂಲ ಪ್ರೋಗ್ರಾಂ ಬರಹದಿಂದ, ನಮ್ಮದೇ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡುವುದು (ಓಡುವ ತಂತ್ರಾಂಶವಾಗಿ ಕಟ್ಟುವುದು) ಹೇಗೆ ಎಂಬುದು ಈ ಲೇಖನದ ವಿಷಯ. ಡಿಪ್ಲೊಮಾ, ಬಿ.ಸಿ.ಎ., ಎಂಜಿನಿಯರಿಂಗ್ ಓದುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ಕಂಡರೆ ಹಿಂಜರಿಯದ ಯಾರು ಬೇಕಾದರೂ ಮಾಡಬಹುದು.

ಟೆಸೆರಾಕ್ಟ್ ಹುಟ್ಟಿದ್ದು ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯಲ್ಲಿ, 1980ರ ದಶಕದ ನಡುವಿನಲ್ಲಿ. 2005ರಲ್ಲಿ ಕಂಪನಿ ಅದರ ಕೋಡ್ ಅನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಮುಂದಿನ ವರ್ಷದಿಂದ ಬಹುಕಾಲ ಗೂಗಲ್ ಅದನ್ನು ಬೆಳೆಸಿತು. 2018ರ 4ನೇ ಆವೃತ್ತಿಯಲ್ಲಿ ನ್ಯೂರಲ್ ನೆಟ್‌ವರ್ಕ್ ಆಧಾರಿತ ಎಂಜಿನ್ ಸೇರಿತು. ಒತ್ತಕ್ಷರ, ಅರ್ಕಾವತ್ತು, ಗುಣಿತಾಕ್ಷರಗಳಿಂದ ತುಂಬಿದ ನಮ್ಮ ಲಿಪಿಗೆ ಇದು ದೊಡ್ಡ ಅನುಕೂಲ. ಈ ಎಂಜಿನ್ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ನೋಡದೆ ಇಡೀ ಸಾಲನ್ನೇ ಓದುತ್ತದೆ.

ಒಂದು ಕಮಾಂಡಿನಲ್ಲಿ ಸಿದ್ಧ ಪ್ಯಾಕೇಜ್ ಇಳಿಯುವಾಗ ಬಿಲ್ಡ್ ಮಾಡುವ ಶ್ರಮ ಏಕೆ? ಒಂದು ಕಾರಣ ಆವೃತ್ತಿ. ಟೆಸೆರಾಕ್ಟ್ 5.0 ಹೊರಬಂದದ್ದು 2021ರ ನವೆಂಬರಿನಲ್ಲಿ. ಅದಾದ ಮೇಲೆ, 2022ರ ಏಪ್ರಿಲ್‌ನಲ್ಲಿ ಬಂದ ಉಬುಂಟು 22.04 ಎಂಬ ಲಿನಕ್ಸ್‌ನ ಪ್ಯಾಕೇಜ್ ಭಂಡಾರದಲ್ಲಿ ಇರುವುದು 4.1.1. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು ಕಾರಣ. ಅಂಗಡಿಯ ಎಣ್ಣೆ ಡಬ್ಬಿಯಲ್ಲಿ ಏನಿದೆ ಎಂದು ನಮಗೆ ತಿಳಿಯದು, ತೋಟದ ಕೊಬ್ಬರಿಯನ್ನು ಗಾಣಕ್ಕೆ ಒಯ್ದರೆ ಏನು ಹಾಕಿದೆವು, ಏನು ಬಂತು ಎಂಬುದು ಕಣ್ಣೆದುರಿಗೇ ಇರುತ್ತದೆ. ಕನ್ನಡದಲ್ಲಿ ತಪ್ಪು ಓದುವ ತಂತ್ರಾಂಶವನ್ನು ತಿದ್ದಬೇಕಾದವರು ಕನ್ನಡ ಬಲ್ಲವರೇ. ತಿದ್ದಿದ್ದು ಸರಿಯಾಯಿತೇ ಎಂದು ನೋಡಲು ಮೊದಲು ಬಿಲ್ಡ್ ಮಾಡಲು ಬರಬೇಕು.

ಒಂದು ಸೂಚನೆ: ಕಮಾಂಡುಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಅಡ್ಡಗೆರೆ, ಚುಕ್ಕೆ, ಓರೆಗೆರೆ ಯಾವುದನ್ನೂ ಬಿಡದೆ ಟೈಪ್ ಮಾಡಬೇಕು.

ಯಂತ್ರ ಮತ್ತು ಲಿನಕ್ಸ್

4 ಜಿಬಿ ರ್‍ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಉಬುಂಟು ಅಥವಾ ಡೆಬಿಯನ್ ಇದ್ದರೆ ಮುಂದಿನ ಭಾಗಕ್ಕೆ ಹೋಗಿ. ವಿಂಡೋಸ್ 10 ಅಥವಾ 11 ಮಾತ್ರ ಇದ್ದರೆ ಅದನ್ನು ಅಳಿಸುವ ಅಗತ್ಯವಿಲ್ಲ. ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಡಬ್ಲ್ಯೂಎಸ್‌ಎಲ್ --ಇನ್‌ಸ್ಟಾಲ್’ ಎಂದು ಕೊಟ್ಟರೆ ವಿಂಡೋಸಿನೊಳಗೇ ಉಬುಂಟು ಬಂದು ಕೂರುತ್ತದೆ. ಬರದಿದ್ದರೆ ಬಯಾಸ್ ಸೆಟ್ಟಿಂಗ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಹೋಗಿ ವರ್ಚುವಲೈಸೇಶನ್ ಆನ್ ಆಗಿದೆಯೇ ನೋಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ತೊಡಕು ಅಲ್ಲೇ ಇರುತ್ತದೆ.

ಹೀಗೆ ವಿಂಡೋಸಿನೊಳಗೆ ಕೆಲಸ ಮಾಡುವವರು ಕೋಡ್ ಅನ್ನು ಸಿ ಡ್ರೈವ್‌ನಲ್ಲಿ ಇಡಬಾರದು. ಲಿನಕ್ಸಿನ ಹೋಮ್ ಫೋಲ್ಡರಿನಲ್ಲೇ ಇಡಿ. ಸಿ ಡ್ರೈವ್‌ನಲ್ಲಿಟ್ಟರೆ ಬಿಲ್ಡ್ ತುಂಬ ನಿಧಾನವಾಗುತ್ತದೆ. ಇನ್ನೊಂದು ಅಪಾಯವೂ ಇದೆ: ಕೋಡ್ ಇಳಿಸಿ ಅದರ ಬದಲಾವಣೆಗಳ ಲೆಕ್ಕ ಇಡುವ ಉಪಕರಣ ಗಿಟ್. ವಿಂಡೋಸಿನ ಗಿಟ್‌ನಲ್ಲಿ ಇಳಿಸಿದ ಫೈಲುಗಳ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಳ್ಳಬಹುದು. ಆಗ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂಬ ದೋಷ ಬರುತ್ತದೆ. ಕೋಡಿನಲ್ಲಿ ತಪ್ಪೇನೂ ಇರುವುದಿಲ್ಲ, ಆದರೂ ಸ್ಕ್ರಿಪ್ಟ್ ಓಡುವುದಿಲ್ಲ.

ಉಪಕರಣಗಳು

ಟರ್ಮಿನಲ್ ತೆರೆದು ಮೊದಲು ಪ್ಯಾಕೇಜುಗಳ ಪಟ್ಟಿಯನ್ನು ಹೊಸದಾಗಿಸಿ (‘ಸುಡೋ’ ಎಂದರೆ ಯಂತ್ರದ ಆಡಳಿತಗಾರರ ಅಧಿಕಾರದಿಂದ ಓಡಿಸು ಎಂದು):

ಸುಡೋ ಆಪ್ಟ್ ಅಪ್‌ಡೇಟ್

ಆಮೇಲೆ ಉಪಕರಣಗಳು:

ಸುಡೋ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಶಿಯಲ್ ಗಿಟ್ ಆಟೋಕಾನ್ಫ್ ಆಟೋಕಾನ್ಫ್-ಆರ್ಕೈವ್ ಆಟೋಮೇಕ್ ಲಿಬ್‌ಟೂಲ್ ಪಿಕೆಜಿ-ಕಾನ್ಫಿಗ್

ಬಿಲ್ಡ್-ಎಸೆನ್ಶಿಯಲ್ ಎಂಬ ಒಂದೇ ಹೆಸರಿನಲ್ಲಿ ಮುಖ್ಯವಾದ ಎರಡು ಬರುತ್ತವೆ. ಒಂದು, ಕೋಡ್ ಅನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಗ್ನು ಕಂಪೈಲರ್, ಮೊದಲ ಬಿಡುಗಡೆ 1987ರಲ್ಲಿ. ಇನ್ನೊಂದು ಮೇಕ್. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಮೇಕ್‌ನ ಯೋಚನೆ ಇಂದಿಗೂ ಹಾಗೆಯೇ ನಡೆಯುತ್ತಿದೆ: ಯಾವ ಫೈಲು ಬದಲಾಗಿದೆಯೋ ಅದನ್ನೂ ಅದನ್ನು ನೆಚ್ಚಿಕೊಂಡವನ್ನೂ ಮಾತ್ರ ಮತ್ತೆ ಕಂಪೈಲ್ ಮಾಡು, ಉಳಿದದ್ದನ್ನು ಮುಟ್ಟಬೇಡ.

ಇನ್ನು ಲೈಬ್ರರಿಗಳು, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್. ಚಿತ್ರ ಸಂಸ್ಕರಣೆಯನ್ನು ಟೆಸೆರಾಕ್ಟ್ ತಾನೇ ಮಾಡುವುದಿಲ್ಲ, ಲೆಪ್ಟೋನಿಕಾ ಎಂಬ ಲೈಬ್ರರಿಗೆ ಒಪ್ಪಿಸುತ್ತದೆ:

ಸುಡೋ ಆಪ್ಟ್ ಇನ್‌ಸ್ಟಾಲ್ ಲಿಬ್‌ಲೆಪ್ಟೋನಿಕಾ-ಡೆವ್ ಲಿಬ್‌ಪಿಎನ್‌ಜಿ-ಡೆವ್ ಲಿಬ್‌ಜೆಪೆಗ್-ಡೆವ್ ಲಿಬ್‌ಟಿಫ್-ಡೆವ್

ಹೆಸರಿನ ಬಾಲದಲ್ಲಿರುವ ‘ಡೆವ್’ ಅನ್ನು ಗಮನಿಸಿ. ಹೊಸಬರ ಬಿಲ್ಡ್ ನಿಲ್ಲುವುದು ಹೆಚ್ಚಾಗಿ ಈ ಮೂರಕ್ಷರದ ಬಳಿ. ಒಂದು ಲೈಬ್ರರಿ ಎರಡು ಭಾಗಗಳಾಗಿ ಬರುತ್ತದೆ. ಪ್ರೋಗ್ರಾಂ ಓಡುವಾಗ ಬೇಕಾದ ಭಾಗ ಒಂದು, ಪ್ರೋಗ್ರಾಂ ಕಟ್ಟುವಾಗ ಕಂಪೈಲರ್ ಓದಬೇಕಾದ ಹೆಡರ್ ಫೈಲುಗಳ ಭಾಗ ಇನ್ನೊಂದು. ಎರಡನೆಯದು ಡೆವ್ ಪ್ಯಾಕೇಜಿನಲ್ಲಿರುತ್ತದೆ. ‘ಲೈಬ್ರರಿ ಆಗಲೇ ಇದೆಯಲ್ಲ, ಆದರೂ ಇಲ್ಲ ಅನ್ನುತ್ತದೆ’ ಎಂದು ಗೊಂದಲಗೊಳ್ಳುವವರ ಯಂತ್ರದಲ್ಲಿ ಮೊದಲ ಭಾಗ ಇರುತ್ತದೆ, ಎರಡನೆಯದು ಇರುವುದಿಲ್ಲ.

ಕಾಲೇಜಿನ ಲ್ಯಾಬ್‌ನಲ್ಲಿ ಸುಡೋ ಅನುಮತಿ ವಿದ್ಯಾರ್ಥಿಗಳಿಗೆ ಇರುವುದಿಲ್ಲ. ಈ ಎರಡು ಇನ್‌ಸ್ಟಾಲ್ ಸಾಲುಗಳನ್ನು ಬರೆದು ಲ್ಯಾಬ್ ನೋಡಿಕೊಳ್ಳುವವರಿಗೆ ಕೊಡಿ, ಒಮ್ಮೆ ಹಾಕಿಕೊಟ್ಟರೆ ಸಾಕು. ಮುಂದಿನ ಬಿಲ್ಡ್ ಕೆಲಸ ಸುಡೋ ಇಲ್ಲದೆ ನಡೆಯುತ್ತದೆ, ಹೊಸ ಪ್ಯಾಕೇಜ್ ಹಾಕುವಾಗ ಮಾತ್ರ ಮತ್ತೆ ಅವರನ್ನು ಕೇಳಬೇಕು.

ಕೋಡ್ ಇಳಿಸಿಕೊಳ್ಳುವುದು

ಟೆಸೆರಾಕ್ಟ್‌ನ ಕೋಡ್ ಗಿಟ್‌ಹಬ್ ಜಾಲತಾಣದಲ್ಲಿ ‘ಟೆಸೆರಾಕ್ಟ್-ಒಸಿಆರ್’ ಎಂಬ ಖಾತೆಯ ‘ಟೆಸೆರಾಕ್ಟ್’ ಭಂಡಾರದಲ್ಲಿದೆ. ಆ ಪುಟದ ಹಸಿರು ಗುಂಡಿ ಒತ್ತಿದರೆ ವಿಳಾಸ ಸಿಗುತ್ತದೆ. ಅದನ್ನು ಈ ಸಾಲಿನ ಕೊನೆಗೆ ಅಂಟಿಸಿ:

ಗಿಟ್ ಕ್ಲೋನ್ --ಡೆಪ್ತ್ 1 --ಬ್ರಾಂಚ್ 5.5.0

‘ಡೆಪ್ತ್ 1’ ಎಂದರೆ ವರ್ಷಗಳ ಇತಿಹಾಸ ಬೇಡ, ಈ ಆವೃತ್ತಿಯ ಫೈಲುಗಳಷ್ಟೇ ಸಾಕು ಎಂದು. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡಿರುವವರ ಡೇಟಾ ಉಳಿಯುತ್ತದೆ. ಆವೃತ್ತಿ ಸಂಖ್ಯೆ ಕೊಡದೆ ಇಳಿಸಿದರೆ ಬರುವುದು ದಿನವೂ ಬದಲಾಗುತ್ತಿರುವ ಮುಖ್ಯ ಶಾಖೆ. ಮೊದಲ ಸಲ ಬಿಲ್ಡ್ ಮಾಡುವವರಿಗೆ, ಬಿಡುಗಡೆಯಾದ ಆವೃತ್ತಿಯೇ ಒಳ್ಳೆಯದು. ಆಗ ದೋಷ ಬಂದರೆ ಕೋಡಿನ ಮೇಲೆ ಸಂಶಯ ಪಡದೆ ನಮ್ಮ ಯಂತ್ರದಲ್ಲೇ ಹುಡುಕಬಹುದು.

ಕಾನ್ಫಿಗರ್

ಟೆಸೆರಾಕ್ಟ್ ಫೋಲ್ಡರಿನೊಳಗೆ ಹೋಗಿ ಈ ಎರಡು ಸಾಲು ಕೊಡಿ:

./ಆಟೋಜೆನ್.ಎಸ್‌ಎಚ್

./ಕಾನ್ಫಿಗರ್ --ಪ್ರಿಫಿಕ್ಸ್=$ಹೋಮ್/ಟೆಸ್

ಡಾಲರ್ ಚಿಹ್ನೆಯ ಪಕ್ಕದ ಹೋಮ್ ಮಾತ್ರ ದೊಡ್ಡಕ್ಷರಗಳಲ್ಲಿ ಇರಬೇಕು. ಪ್ರಿಫಿಕ್ಸ್ ಕೊಡದಿದ್ದರೆ ತಂತ್ರಾಂಶ ಇಡೀ ಯಂತ್ರಕ್ಕೆ ಸೇರಿದ ಫೋಲ್ಡರಿಗೆ ಹೋಗುತ್ತದೆ, ಅದಕ್ಕೆ ಸುಡೋ ಬೇಕು. ಹೋಮ್‌ನಲ್ಲೇ ‘ಟೆಸ್’ ಎಂಬ ಫೋಲ್ಡರಿಗೆ ಹಾಕಿದರೆ ಸಿಸ್ಟಂನ ಯಾವ ಫೈಲೂ ಕದಲುವುದಿಲ್ಲ. ಬೇಡವೆನಿಸಿದ ದಿನ ಆ ಫೋಲ್ಡರ್ ಅಳಿಸಿದರೆ ಆಯಿತು.

ಕಾನ್ಫಿಗರ್ ಓಡುವಾಗ ಪರದೆಯ ಮೇಲೆ ನೂರಾರು ಸಾಲು ಹರಿಯುತ್ತವೆ. ಕಂಪೈಲರ್ ಇದೆಯೇ, ಈ ಲೈಬ್ರರಿ ಇದೆಯೇ ಎಂದು ಅದು ಒಂದೊಂದಾಗಿ ವಿಚಾರಿಸುತ್ತಿರುತ್ತದೆ. ಓದಬೇಕಾದದ್ದು ಕೊನೆಯ ಕೆಲವು ಸಾಲುಗಳನ್ನು. ಲೆಪ್ಟೋನಿಕಾ ಸಿಗದಿದ್ದರೆ ಕನಿಷ್ಠ ಯಾವ ಆವೃತ್ತಿ ಬೇಕು, ಯಾವ ಪ್ಯಾಕೇಜ್ ಹಾಕಬೇಕು ಎಂಬುದನ್ನೂ ಅದೇ ಹೇಳುತ್ತದೆ. ಇನ್ನೂ ಬಿಡಿಸಿ ನೋಡಬೇಕೆಂದರೆ ಅದೇ ಫೋಲ್ಡರಿನಲ್ಲಿ ‘ಕಾನ್ಫಿಗ್.ಲಾಗ್’ ಎಂಬ ಫೈಲು ಇರುತ್ತದೆ. ಯಾವ ಪರೀಕ್ಷೆ ಏಕೆ ಸೋತಿತು ಎಂಬ ಪೂರ್ಣ ವಿವರ ಅದರಲ್ಲಿದೆ.

ಮೇಕ್, ಮತ್ತು ದೋಷಗಳನ್ನು ಓದುವ ಬಗೆ

ಮೇಕ್ -ಜೆ2 2>&1 | ಟೀ ಬಿಲ್ಡ್.ಲಾಗ್

ಜೆ2 ಎಂದರೆ ಏಕಕಾಲಕ್ಕೆ ಎರಡು ಫೈಲು ಕಂಪೈಲ್ ಆಗಲಿ ಎಂದು. 8 ಜಿಬಿ ರ್‍ಯಾಮ್, ನಾಲ್ಕು ಕೋರ್ ಇದ್ದರೆ ಜೆ4 ಕೊಡಬಹುದು. ಸಾಲಿನ ಉಳಿದ ಭಾಗ ಪರದೆಯ ಮೇಲೆ ಬಂದದ್ದನ್ನೆಲ್ಲ ‘ಬಿಲ್ಡ್.ಲಾಗ್’ ಎಂಬ ಫೈಲಿಗೂ ಬರೆದಿಡುತ್ತದೆ. ಈ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ.

ಏಕೆಂದರೆ ಬಿಲ್ಡ್ ಕಲಿಯುವುದೆಂದರೆ ಮುಕ್ಕಾಲು ಪಾಲು ದೋಷ ಓದಲು ಕಲಿಯುವುದು. ಕಮಾಂಡುಗಳನ್ನು ಯಾರು ಬೇಕಾದರೂ ನಕಲು ಮಾಡಬಹುದು. ಬಿಲ್ಡ್ ನಿಂತಾಗ ಹೆಚ್ಚಿನವರು ಪರದೆಯ ತೀರಾ ಕೆಳಗಿನ ಸಾಲನ್ನು ಓದಿ ಅಲ್ಲೇ ಸಿಕ್ಕಿಬೀಳುತ್ತಾರೆ. ಅಲ್ಲಿ ಇರುವುದು ‘ಕೆಲಸ ಆಗಲಿಲ್ಲ’ ಎಂಬ ಮೇಕ್‌ನ ವರದಿ ಮಾತ್ರ. ಎರಡು ಮೂರು ಕೆಲಸ ಜೊತೆಗೆ ನಡೆಯುತ್ತಿರುವುದರಿಂದ ನಿಜವಾದ ಕಾರಣ ಎಷ್ಟೋ ಸಾಲು ಮೇಲೆ ಹೋಗಿರುತ್ತದೆ. ಲಾಗ್ ಫೈಲಿನಲ್ಲಿ ‘ಎರರ್’ ಎಂಬ ಪದ ಮೊದಲ ಬಾರಿ ಎಲ್ಲಿ ಬಂದಿದೆ ಎಂದು ಹುಡುಕಿ. ಅದನ್ನು ಸರಿಪಡಿಸಿದರೆ ಅದರ ಕೆಳಗಿನ ಹತ್ತಾರು ದೋಷಗಳು ತಾವಾಗಿಯೇ ಮಾಯವಾಗುವುದುಂಟು. ‘ವಾರ್ನಿಂಗ್’ ಎಂಬ ಸಾಲುಗಳಿಗೆ ಸದ್ಯಕ್ಕೆ ತಲೆಕೆಡಿಸಿಕೊಳ್ಳಬೇಡಿ, ಅವು ಬಿಲ್ಡ್ ನಿಲ್ಲಿಸುವುದಿಲ್ಲ.

ಒಂದು ಹೆಡರ್ ಫೈಲಿನ ಹೆಸರು ಹೇಳಿ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದರೆ ಯಾವುದೋ ಡೆವ್ ಪ್ಯಾಕೇಜ್ ಇಲ್ಲ ಎಂದೇ ಅರ್ಥ. ಯಾವುದು? ‘ಆಪ್ಟ್-ಫೈಲ್’ ಎಂಬ ಪುಟ್ಟ ಉಪಕರಣ ಹಾಕಿಕೊಂಡು, ‘ಸುಡೋ ಆಪ್ಟ್-ಫೈಲ್ ಅಪ್‌ಡೇಟ್’ ಕೊಟ್ಟು, ‘ಆಪ್ಟ್-ಫೈಲ್ ಸರ್ಚ್’ ಮುಂದೆ ಆ ಹೆಡರಿನ ಹೆಸರು ಬರೆದರೆ ಅದು ಯಾವ ಪ್ಯಾಕೇಜಿನಲ್ಲಿದೆ ಎಂದು ತೋರಿಸುತ್ತದೆ. ಯಾವ ತಂತ್ರಾಂಶ ಬಿಲ್ಡ್ ಮಾಡುವಾಗಲೂ ಇದೊಂದು ಗೊತ್ತಿದ್ದರೆ ಅರ್ಧ ದಾರಿ ಸಾಗಿದಂತೆ.

‘ಕಿಲ್ಡ್’ ಎಂಬ ಪದ ಕಂಡರೆ ಅದು ಕೋಡಿನ ತಪ್ಪಲ್ಲ. ರ್‍ಯಾಮ್ ಸಾಲದೆ ಲಿನಕ್ಸ್ ಕಂಪೈಲರನ್ನೇ ನಿಲ್ಲಿಸಿರುತ್ತದೆ. ಬ್ರೌಸರ್ ಮುಚ್ಚಿ, ಜೆ1 ಎಂದು ಮತ್ತೆ ಕೊಡಿ. ಆಗಿದ್ದ ಕೆಲಸ ಹಾಳಾಗುವುದಿಲ್ಲ, ನಿಂತಲ್ಲಿಂದ ಮುಂದುವರಿಯುತ್ತದೆ. ನಡುವೆ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದರೂ ಅಷ್ಟೆ. ಆದರೆ ಆ ಗಳಿಗೆಯಲ್ಲಿ ಬರೆಯುತ್ತಿದ್ದ ಫೈಲು ಅರೆಬರೆ ಉಳಿದಿರಬಹುದು. ‘ಫೈಲ್ ಟ್ರಂಕೇಟೆಡ್’ ಎಂಬ ದೂರು ಬಂದರೆ ‘ಮೇಕ್ ಕ್ಲೀನ್’ ಕೊಟ್ಟು ಮೊದಲಿಂದ ಶುರುಮಾಡಿ.

ದೋಷವಿಲ್ಲದೆ ಮುಗಿದರೆ ‘ಮೇಕ್ ಇನ್‌ಸ್ಟಾಲ್’. ಹೋಮ್‌ನೊಳಗೆ ಹಾಕುತ್ತಿರುವುದರಿಂದ ಇಲ್ಲಿ ಸುಡೋ ಬೇಡ.

ಕನ್ನಡದ ಡೇಟಾ

ಈಗ ಎಂಜಿನ್ ಸಿದ್ಧ, ಆದರೆ ಭಾಷೆ ಬಾರದು. ಪ್ರತಿ ಭಾಷೆಗೂ ತರಬೇತಿ ಪಡೆದ ಒಂದು ಫೈಲು ಬೇಕು. ಕನ್ನಡದ್ದು ‘ಕೆಎಎನ್.ಟ್ರೇನ್ಡ್‌ಡೇಟಾ’. ಇದು ಅದೇ ಖಾತೆಯ ‘ಟೆಸ್‌ಡೇಟಾ_ಫಾಸ್ಟ್’ ಮತ್ತು ‘ಟೆಸ್‌ಡೇಟಾ_ಬೆಸ್ಟ್’ ಎಂಬ ಭಂಡಾರಗಳಲ್ಲಿ ಸಿಗುತ್ತದೆ. ಫಾಸ್ಟ್ ಚಿಕ್ಕದು, ವೇಗದ್ದು. ಬೆಸ್ಟ್ ನಿಧಾನ. ಆದರೆ ಮುಂದೆ ಹಳೆಯ ಮೊಳೆ ಅಕ್ಷರಗಳ ಮುದ್ರಣಕ್ಕೆ ನೀವೇ ತರಬೇತಿ ಕೊಡಬೇಕೆಂದರೆ ಬುನಾದಿಯಾಗಿ ಬಳಸಬಹುದಾದದ್ದು ಬೆಸ್ಟ್ ಮಾತ್ರ. ನಾನು ಬೆಸ್ಟ್ ಇಳಿಸಿಕೊಳ್ಳಿ ಎನ್ನುತ್ತೇನೆ. ಹಳೆಯ ಪುಸ್ತಕದ ಕೆಲಸದಲ್ಲಿ ಕೆಲವು ಸೆಕೆಂಡುಗಳ ಉಳಿತಾಯಕ್ಕಿಂತ ಒಂದು ಒತ್ತಕ್ಷರ ಸರಿಯಾಗಿ ಬರುವುದು ಹೆಚ್ಚಿನದು.

ಇಳಿಸುವಾಗ ಒಂದು ಎಚ್ಚರ. ಬ್ರೌಸರಿನಲ್ಲಿ ಕಾಣುವ ಕೊಂಡಿಯ ಮೇಲೆ ಬಲಗುಂಡಿ ಒತ್ತಿ ಉಳಿಸಿಕೊಂಡರೆ ಡೇಟಾ ಬದಲು ಜಾಲಪುಟವೇ ಆ ಹೆಸರಿನಲ್ಲಿ ಇಳಿದುಬಿಡುತ್ತದೆ. ಫೈಲಿನ ಪುಟ ತೆರೆದು ಅಲ್ಲಿರುವ ಡೌನ್‌ಲೋಡ್ ಗುಂಡಿಯನ್ನೇ ಒತ್ತಿ. ಸಂಶಯವಿದ್ದರೆ ‘ಫೈಲ್’ ಎಂಬ ಕಮಾಂಡಿನ ಮುಂದೆ ಆ ಹೆಸರು ಕೊಡಿ. ಎಚ್‌ಟಿಎಂಎಲ್ ಎಂದು ಬಂದರೆ ಅದು ಡೇಟಾ ಅಲ್ಲ.

ಫೈಲನ್ನು ಟೆಸ್ ಫೋಲ್ಡರಿನ ‘ಶೇರ್/ಟೆಸ್‌ಡೇಟಾ’ ಒಳಗೆ ಹಾಕಿ, ಪರೀಕ್ಷಿಸಿ:

~/ಟೆಸ್/ಬಿನ್/ಟೆಸೆರಾಕ್ಟ್ --ಲಿಸ್ಟ್-ಲ್ಯಾಂಗ್ಸ್

ಪಟ್ಟಿಯಲ್ಲಿ ‘ಕೆಎಎನ್’ ಬಂದರೆ ಒಂದು ಪುಟ ಓದಿಸಿ:

~/ಟೆಸ್/ಬಿನ್/ಟೆಸೆರಾಕ್ಟ್ ಪುಟ.ಪಿಎನ್‌ಜಿ ಫಲಿತ -ಎಲ್ ಕೆಎಎನ್ --ಪಿಎಸ್‌ಎಂ 6

‘ಫಲಿತ.ಟಿಎಕ್ಸ್‌ಟಿ’ ಎಂಬ ಫೈಲಿನಲ್ಲಿ ಯೂನಿಕೋಡ್ ಕನ್ನಡ ಸಿಗುತ್ತದೆ. ಪಿಎಸ್‌ಎಂ 6 ಎಂದರೆ ಪುಟವನ್ನು ಒಂದೇ ಸಮನಾದ ಪಠ್ಯದ ತುಂಡೆಂದು ತಿಳಿದು ಓದು ಎಂದು. ಪತ್ರಿಕೆಯಂತೆ ಹಲವು ಅಂಕಣ ಇದ್ದರೆ ಅದನ್ನು ಬಿಟ್ಟುಬಿಡಿ. ಸ್ಕ್ಯಾನ್ 300 ಡಿಪಿಐಗಿಂತ (ಅಂಗುಲಕ್ಕೆ 300 ಚುಕ್ಕೆ) ಕಡಿಮೆ ಇರಬಾರದು. ಪುಟ ಓರೆಯಾಗಿದ್ದರೆ, ನೆರಳು ಬಿದ್ದಿದ್ದರೆ ಎಂಥ ಎಂಜಿನ್ ಆದರೂ ಮುಗ್ಗರಿಸುತ್ತದೆ.

ಪ್ರತಿ ಸಲ ಪೂರ್ಣ ದಾರಿಯನ್ನು ಬರೆಯಲು ಹೇಳಿದ್ದಕ್ಕೆ ಕಾರಣವಿದೆ. ಭಂಡಾರದ ಹಳೆಯ ಪ್ಯಾಕೇಜೂ ಯಂತ್ರದಲ್ಲಿದ್ದರೆ ಬರೀ ‘ಟೆಸೆರಾಕ್ಟ್’ ಎಂದಾಗ ಓಡುವುದು ಅದು. ಎಷ್ಟು ತಿದ್ದಿದರೂ ಫಲಿತ ಬದಲಾಗುತ್ತಿಲ್ಲ ಎನ್ನುವವರು ‘ವಿಚ್ ಟೆಸೆರಾಕ್ಟ್’ ಎಂದು ಕೇಳಿ ಯಾವುದು ಓಡುತ್ತಿದೆ ಎಂದು ನೋಡಿಕೊಳ್ಳಬೇಕು.

ಒಂದು ಸಾಲು ತಿದ್ದಿ ನೋಡಿ

ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಕೈಯಲ್ಲಿರುವುದು ಹೊಸ ಆವೃತ್ತಿಯ ಒಂದು ತಂತ್ರಾಂಶ ಅಷ್ಟೆ. ಒಂದು ಹೆಜ್ಜೆ ಮುಂದಿಡಿ. ಟೆಸೆರಾಕ್ಟ್ ಸಹಾಯ ಕೇಳಿದಾಗ ಮೊದಲು ಮುದ್ರಿಸುವ ಪದ ‘ಯೂಸೇಜ್:’. ‘ಗಿಟ್ ಗ್ರೆಪ್’ ಕಮಾಂಡಿನಿಂದ ಆ ಪದ ಕೋಡಿನಲ್ಲಿ ಎಲ್ಲೆಲ್ಲಿದೆ ಹುಡುಕಿ. ‘ಎಸ್‌ಆರ್‌ಸಿ’ ಫೋಲ್ಡರಿನ ಮುಖ್ಯ ಪ್ರೋಗ್ರಾಂ ಫೈಲನ್ನು ತೆರೆದು ಅದನ್ನು ‘ಬಳಕೆ:’ ಎಂದು ಕನ್ನಡದಲ್ಲೇ ಬದಲಿಸಿ ಉಳಿಸಿ. ಮತ್ತೆ ‘ಮೇಕ್’, ಮತ್ತೆ ‘ಮೇಕ್ ಇನ್‌ಸ್ಟಾಲ್’. ಈ ಸಲ ಎಲ್ಲ ಫೈಲುಗಳೂ ಕಂಪೈಲ್ ಆಗುವುದಿಲ್ಲ, ನೀವು ಮುಟ್ಟಿದ್ದು ಮಾತ್ರ ಆಗುತ್ತದೆ. ‘~/ಟೆಸ್/ಬಿನ್/ಟೆಸೆರಾಕ್ಟ್ --ಹೆಲ್ಪ್’ ಕೊಟ್ಟರೆ ನಿಮ್ಮ ಪದ ಪರದೆಯ ಮೇಲೆ ಬರುತ್ತದೆ. ‘ಗಿಟ್ ಡಿಫ್’ ಎಂದರೆ ನೀವು ತಿದ್ದಿದ ಸಾಲು, ಹಳೆಯದು ಮೈನಸ್ ಗುರುತಿನಲ್ಲಿ, ಹೊಸದು ಪ್ಲಸ್ ಗುರುತಿನಲ್ಲಿ ಕಾಣುತ್ತದೆ. ನಿಜವಾದ ತಿದ್ದುಪಡಿಗಳನ್ನು ಯೋಜನೆಯವರು ಓದಿ ಪರಿಶೀಲಿಸುವುದೂ ಇದೇ ರೂಪದಲ್ಲಿ.

ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೋಗುವ ನಮ್ಮ ಹುಡುಗ ಹುಡುಗಿಯರು ಪ್ರಾಜೆಕ್ಟ್ ಹೆಸರಿನಲ್ಲಿ ಯಾರೋ ಮಾಡಿಕೊಟ್ಟದ್ದನ್ನು ತೋರಿಸಬೇಕಾಗಿಲ್ಲ. ಅಪಾಚೆ 2.0 ಪರವಾನಗಿಯ ಈ ಕೋಡ್ ಅನ್ನು ಓದಬಹುದು, ತಿದ್ದಬಹುದು, ಹಂಚಬಹುದು. ತಾನೇ ಕಟ್ಟಿ, ಕೆಡಿಸಿ, ಸರಿಮಾಡಿದವರು ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗೆ ಬಾಯಿಪಾಠ ಒಪ್ಪಿಸುವುದಿಲ್ಲ.

ಮುಂದೆ ತರಬೇತಿಗೆ ಇಳಿಯುವವರು ಲಿಬ್‌ಐಸಿಯು, ಪ್ಯಾಂಗೊ, ಕೈರೊ ಲೈಬ್ರರಿಗಳ ಡೆವ್ ಪ್ಯಾಕೇಜ್ ಹಾಕಿಕೊಂಡು, ಕಾನ್ಫಿಗರ್ ಅನ್ನು ಮತ್ತೆ ಓಡಿಸಿ, ‘ಮೇಕ್ ಟ್ರೇನಿಂಗ್’ ಮತ್ತು ‘ಮೇಕ್ ಟ್ರೇನಿಂಗ್-ಇನ್‌ಸ್ಟಾಲ್’ ಕೊಡಬೇಕು. ಆ ಹೊತ್ತಿಗೆ ಕೈಯಲ್ಲಿ ಒಂದು ಪಟ್ಟಿ ಇರಲಿ: ನಿಮ್ಮ ಹಳೆಯ ಪುಸ್ತಕದ ಹತ್ತು ಪುಟ ಓದಿಸಿ, ಟೆಸೆರಾಕ್ಟ್ ಯಾವ ಅಕ್ಷರವನ್ನು ಯಾವುದೆಂದು ತಪ್ಪಾಗಿ ಓದಿತು ಎಂದು ಸಾಲು ಸಾಲಾಗಿ ಬರೆದಿಡಿ. ತರಬೇತಿ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಆ ಪಟ್ಟಿಯೇ ತೋರಿಸುತ್ತದೆ.