ಹೊಸಬರಿಗೆ ಮಾರ್ಗದರ್ಶಿ: ನ್ಯೂಜೆರ್ಸಿಯ ಬೇಸಿಗೆ ಮತ್ತು ನಮ್ಮ ಅಡುಗೆಮನೆ

ಇಲ್ಲಿ ಬೇಸಿಗೆ ಅಂದರೆ ಜೂನ್‌ನಿಂದ ಸೆಪ್ಟೆಂಬರ್ ಮೊದಲ ವಾರ. ಊರಲ್ಲಿ ಮಳೆ ಹಿಡಿದು ಕೂತಿರುವಾಗ ಇಲ್ಲಿ ತರಕಾರಿ ಸುಗ್ಗಿ. ಕಾರಿನ ನಂಬರ್ ಪ್ಲೇಟಿನ ಮೇಲೇ ‘ಗಾರ್ಡನ್ ಸ್ಟೇಟ್’ ಅಂತ ಬರೆದುಕೊಂಡ ರಾಜ್ಯವಿದು. ಆದರೂ ಹೊಸದಾಗಿ ಬಂದ ಮನೆಗಳಲ್ಲಿ ಆಗಸ್ಟ್ ತಿಂಗಳಲ್ಲೂ ವಿಮಾನದಲ್ಲಿ ಬಂದ ಬಾಡು ಹೀರೆಕಾಯಿಯನ್ನೇ ಹುಡುಕಿ ತರುತ್ತಾರೆ. ಬೇಳೆ, ಇಂಗು, ಹುಣಸೆಹಣ್ಣು, ಸೋನಾ ಮಸೂರಿಗೆ ನಮ್ಮ ದೇಶದ ಅಂಗಡಿಗಳಿರುವ ಓಕ್ ಟ್ರೀ ರೋಡಿಗೆ ಧಾರಾಳವಾಗಿ ಹೋಗಿ. ತರಕಾರಿಗೆ ಮಾತ್ರ ಹತ್ತಿರದ ಫಾರ್ಮರ್ಸ್ ಮಾರ್ಕೆಟ್ ಹಿಡಿಯಿರಿ. ಅಡುಗೆ ನಮ್ಮದೇ ಇರಲಿ, ಕಾಯಿ ಇಲ್ಲಿನದಾಗಲಿ.

ಯಾವಾಗ ಏನು

ಸ್ಟ್ರಾಬೆರಿ: ಮೇ ಕೊನೆ, ಜೂನ್
ಬ್ಲೂಬೆರಿ: ಜೂನ್ ನಡುವಿನಿಂದ ಜುಲೈ ಕೊನೆ
ಜುಕಿನಿ, ಸೌತೆಕಾಯಿ, ಬೀನ್ಸ್: ಜೂನ್ ಕೊನೆಯಿಂದ
ಜೋಳ (ಸ್ವೀಟ್ ಕಾರ್ನ್), ಟೊಮೆಟೊ, ಬದನೆ, ಪೀಚ್: ಜುಲೈನಿಂದ
ಪಾಲಕ್: ಜುಲೈ ಸೆಕೆಗೆ ಹೂ ಬಿಟ್ಟು ಹೋಗುತ್ತದೆ, ಕಾಯಬೇಡಿ

ಒಂದು ಪೌಂಡ್ ಅಂದರೆ 454 ಗ್ರಾಂ. ಕೆಳಗೆ ‘ಕಪ್’ ಅಂದಾಗಲೆಲ್ಲ ಇಲ್ಲಿನ 240 ಮಿಲಿಲೀಟರಿನ ಕಪ್.

ಸಂತೆಯಲ್ಲಿ

ಚೌಕಾಶಿ ಬೇಡ. ಬೆಂಡೆಕಾಯಿಯ ತುದಿ ಮುರಿದು ನೋಡುವ ಅಭ್ಯಾಸ ದಯವಿಟ್ಟು ಊರಲ್ಲೇ ಇರಲಿ. ನಾಲ್ಕು ಇಂಚಿನ ಒಳಗಿನದು ಆರಿಸಿದರೆ ಮುರಿಯುವ ಅಗತ್ಯವೇ ಬರುವುದಿಲ್ಲ. ಜೋಳದ ತೆನೆಯ ಸಿಪ್ಪೆ ಸುಲಿದು ನೋಡಿ ಹಾಗೇ ಇಟ್ಟು ಬರುವವರೂ ನಮ್ಮವರೇ. ಸಿಪ್ಪೆ ಹಸಿರಾಗಿರಬೇಕು, ಕೂದಲು ಕಂದು ಬಣ್ಣಕ್ಕೆ ತಿರುಗಿರಬೇಕು, ಮೇಲಿನಿಂದ ಒತ್ತಿದರೆ ತುದಿಯವರೆಗೂ ಕಾಳು ಕೈಗೆ ಸಿಗಬೇಕು. ಅಷ್ಟು ಸಾಕು.

ಈ ಜೋಳ ನಮ್ಮ ಮುಸುಕಿನ ಜೋಳದಂತಲ್ಲ, ಕುಕ್ಕರಿನಲ್ಲಿ ನಾಲ್ಕು ಕೂಗು ಹೊಡೆಸಬೇಡಿ. ಕುದಿಯುವ ನೀರಿಗೆ ಹಾಕಿ ನಾಲ್ಕು ನಿಮಿಷ. ಕಿತ್ತ ಮೇಲೆ ಅದರ ಸಕ್ಕರೆ ಪಿಷ್ಟವಾಗುತ್ತಾ ಹೋಗುವುದರಿಂದ ತಂದ ದಿನವೇ ತಿನ್ನಿ.

ಟೊಮೆಟೊ ಕೊಳ್ಳುವಾಗ ‘ಸೆಕೆಂಡ್ಸ್’ ಇದೆಯೇ ಅಂತ ಕೇಳಿ. ಕಲೆ, ಬಿರುಕು ಇರುವ ಹಣ್ಣು. ಬೆಲೆ ಕಡಿಮೆ, ಸಾರಿಗೂ ಗೊಜ್ಜಿಗೂ ಏನೂ ಕೊರತೆ ಇಲ್ಲ. ದಪ್ಪ ಬೀಫ್‌ಸ್ಟೇಕ್ ಟೊಮೆಟೊದಲ್ಲಿ ನೀರು ಜಾಸ್ತಿ, ನಮ್ಮ ನಾಟಿ ಹಣ್ಣಿನ ಹುಳಿ ಇಲ್ಲ. ಸಾರಿಗೆ ಹುಣಸೆ ಸ್ವಲ್ಪ ಮುಂದಾಗಿರಲಿ. ಗೊಜ್ಜಿಗೆ ಉದ್ದನೆಯ ಪ್ಲಮ್ ಟೊಮೆಟೊ. ಫ್ರಿಜ್ಜಿನಲ್ಲಿ ಇಟ್ಟರೆ ರುಚಿ ಸಾಯುತ್ತದೆ.

ಒಲೆ, ಹೊಗೆ, ಅಲಾರಂ (ಇದನ್ನು ಓದದೆ ಮುಂದೆ ಹೋಗಬೇಡಿ)

ಕರೆಂಟಿನ ಕಾಯಿಲ್ ಅಥವಾ ಗಾಜಿನ ಒಲೆ ಆರಿಸಿದ ಮೇಲೂ ಐದು ಹತ್ತು ನಿಮಿಷ ಕಾದೇ ಇರುತ್ತದೆ. ಗ್ಯಾಸಿನ ಅಭ್ಯಾಸದಲ್ಲಿ ಒಗ್ಗರಣೆ ಸೌಟನ್ನು ಅಲ್ಲೇ ಬಿಟ್ಟರೆ ಸಾಸಿವೆ ಸಿಡಿದು ಮುಗಿಯುವಷ್ಟರಲ್ಲಿ ಮೆಣಸಿನಕಾಯಿ ಕರಕಲು, ಮನೆ ತುಂಬ ಘಾಟು, ತಲೆಯ ಮೇಲೆ ಅಲಾರಂ. ಆರಿಸುವುದಲ್ಲ, ಸೌಟನ್ನು ಒಲೆಯಿಂದ ಎತ್ತಿ ಪಕ್ಕಕ್ಕಿಡಬೇಕು. ಉರಿ ಮಧ್ಯಮ, ಎಣ್ಣೆ ಕಾದ ಮೇಲೆ ಸಾಸಿವೆ, ಅದು ಸಿಡಿದ ಮೇಲೆ ಸೌಟು ಕೆಳಗಿಳಿಸಿ, ಆಮೇಲೆ ಇಂಗು, ಒಣಮೆಣಸಿನಕಾಯಿ, ಕರಿಬೇವು. ಉಳಿದ ಕಾವೇ ಸಾಕು.

ಬಹಳ ಅಪಾರ್ಟ್‌ಮೆಂಟ್‌ಗಳಲ್ಲಿ ಒಲೆ ಮೇಲಿನ ಮೈಕ್ರೋವೇವ್ ಫ್ಯಾನು ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಸೋಸಿ ನಿಮ್ಮ ಮುಖಕ್ಕೇ ಬಿಡುತ್ತದೆ. ಕಿಟಕಿಯನ್ನು ಎಣ್ಣೆ ಇಡುವ ಮೊದಲೇ ತೆಗೆಯಿರಿ, ಮಲಗುವ ಕೋಣೆಯ ಬಾಗಿಲು ಮುಚ್ಚಿ. ಅಲಾರಮ್ಮಿನ ಬ್ಯಾಟರಿ ಬಿಚ್ಚಿಡುವುದು, ಅದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟುವುದು ಬೇಡವೇ ಬೇಡ. ಪ್ರಾಣಕ್ಕೂ ಅಪಾಯ, ಬಾಡಿಗೆ ಕರಾರಿಗೂ ವಿರುದ್ಧ. ಕೆಲವು ಕಟ್ಟಡಗಳಲ್ಲಿ ಅಲಾರಂ ಕೂಗಿದರೆ ಅಗ್ನಿಶಾಮಕದವರು ಬಂದೇ ಬಿಡುತ್ತಾರೆ. ಆಗ ಇಡೀ ಕಟ್ಟಡದವರು ಬೀದಿಯಲ್ಲಿ ನಿಂತು ನಿಮ್ಮ ಮನೆಯ ಕಡೆ ನೋಡುತ್ತಾರೆ.

ಒಲೆ ಕಡಿಮೆ ಹಚ್ಚುವ ಅಡುಗೆ

ಕೋಸಂಬರಿ: ಅರ್ಧ ಕಪ್ ಹೆಸರುಬೇಳೆ 45 ನಿಮಿಷ ನೆನೆಸಿ. ಸೆಕೆಯಲ್ಲಿ ಎರಡು ಗಂಟೆ ಬಿಟ್ಟರೆ ಲೋಳೆಯಾಗುತ್ತದೆ. ಜರಡಿಯಲ್ಲಿ ಹತ್ತು ನಿಮಿಷ ಬಸಿಯಬೇಕು, ಅವಸರ ಮಾಡಿದರೆ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ದಪ್ಪ ಸೌತೆಕಾಯಿಗೆ ಅಂಗಡಿಯಲ್ಲಿ ಮೇಣ ಸವರಿರುತ್ತಾರೆ, ಸಿಪ್ಪೆಯನ್ನೂ ಬೀಜವನ್ನೂ ತೆಗೆಯಿರಿ. ಉಪ್ಪಿನಕಾಯಿಗೆಂದು ಮಾರುವ ಗಿಡ್ಡ ಕರ್ಬಿ ಸೌತೆ ನಮ್ಮ ಎಳೆ ಸೌತೆಗೆ ಹತ್ತಿರ. ಅದರ ಜೊತೆಗೆ ಒಂದು ತೆನೆ ಹಸಿ ಜೋಳದ ಕಾಳು, ಕಾಲು ಕಪ್ ಕಾಯಿತುರಿ. ಫ್ರೋಜನ್ ಕಾಯಿತುರಿಯನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ. ಉಪ್ಪು, ನಿಂಬೆರಸ ಎಲೆಗೆ ಬಡಿಸುವಾಗ ಮಾತ್ರ.

ಜುಕಿನಿ ಮಜ್ಜಿಗೆಹುಳಿ: ಇದು ಇಲ್ಲಿನ ಹೀರೆಕಾಯಿ ಅಂದುಕೊಳ್ಳಿ, ಸಿಪ್ಪೆ ಚಟ್ನಿಯೂ ಆಗುತ್ತದೆ. ಏಳೆಂಟು ಇಂಚು ದಾಟಿದ್ದು ಬೇಡ, ಒಳಗೆ ಬರೀ ಬೀಜ, ಬೆಂಡು. ಎರಡು ಜುಕಿನಿಯ ಹೋಳು, ಅರ್ಧ ಕಪ್ ನೀರು, ಚಿಟಿಕೆ ಅರಿಶಿನ. ತೆರೆದ ಪಾತ್ರೆಯಲ್ಲಿ ನಾಲ್ಕೇ ನಿಮಿಷ. ಕುಕ್ಕರಿಗೆ ಹಾಕಿದರೆ ಗಂಜಿ. ಅರ್ಧ ಗಂಟೆ ನೆನೆದ ಒಂದು ದೊಡ್ಡ ಚಮಚ ಕಡಲೆಬೇಳೆ, ಅರ್ಧ ಕಪ್ ಕಾಯಿ, ನಾಲ್ಕು ಹಸಿಮೆಣಸಿನಕಾಯಿ, ಅರ್ಧ ಚಮಚ ಜೀರಿಗೆ, ಚೂರು ಶುಂಠಿ ರುಬ್ಬಿ ಹಾಕಿ, ಉಪ್ಪು ಬೆರೆಸಿ ಕುದಿಸಿ. ಉರಿ ಸಣ್ಣ ಮಾಡಿ ಕಡೆದ ಮೊಸರು ಒಂದೂವರೆ ಕಪ್. ಅಂಚಿನಲ್ಲಿ ನೊರೆ ಕಂಡ ಕೂಡಲೇ ಇಳಿಸಿ. ಕುದಿ ಬಂದರೆ ಒಡೆಯುತ್ತದೆ.

ಮೊಸರಿನ ಡಬ್ಬಿಯ ಮೇಲೆ ‘ಪ್ಲೇನ್’ ಅಂತ ಇರಬೇಕು. ವೆನಿಲಾ ಮೊಸರಿನ ಡಬ್ಬಿ ಪಕ್ಕದಲ್ಲೇ, ಹೆಚ್ಚುಕಡಿಮೆ ಅದೇ ಬಣ್ಣದಲ್ಲಿ ಕೂತಿರುತ್ತದೆ. ‘ಬಟರ್‌ಮಿಲ್ಕ್’ ಪೊಟ್ಟಣ ನಮ್ಮ ಮಜ್ಜಿಗೆಯಲ್ಲ: ಮಂದ, ಕೆಲವದರಲ್ಲಿ ಉಪ್ಪೂ ಇರುತ್ತದೆ.

ಕಲ್ಲಂಗಡಿ ಸಿಪ್ಪೆ ದೋಸೆ: ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಜುಲೈನಲ್ಲಿ ಮನೆಮನೆಗೂ ಹತ್ತು ಕಿಲೋ ಹಣ್ಣು ಬರುತ್ತದೆ, ಸಿಪ್ಪೆ ಕಸಕ್ಕೆ ಹೋಗುತ್ತದೆ. ಹೊರಗಿನ ಹಸಿರು ಹೆರೆದು ಬಿಳಿ ಭಾಗ ಹೆಚ್ಚಿಕೊಳ್ಳಿ, ಒಂದೂವರೆ ಕಪ್. ನಾಲ್ಕು ಗಂಟೆ ನೆನೆದ ಒಂದು ಕಪ್ ಸೋನಾ ಮಸೂರಿ ಮತ್ತು ಮೂರು ಚಮಚ ಕಾಯಿತುರಿಯೊಂದಿಗೆ ರುಬ್ಬಿ. ನೀರು ಮೊದಲೇ ಹಾಕಬೇಡಿ, ಸಿಪ್ಪೆಯೇ ಬಿಡುತ್ತದೆ. ಹುದುಗು ಬೇಡ, ಕೂಡಲೇ ಹೊಯ್ಯಬಹುದು. ಹಿಟ್ಟು ನೀರುದೋಸೆಗಿಂತ ತುಸು ಗಟ್ಟಿ, ಕಾವಲಿ ಚೆನ್ನಾಗಿ ಕಾದಿರಲಿ, ಮುಚ್ಚಿ ಒಂದೇ ಮಗ್ಗುಲು ಬೇಯಿಸಿ. ಏಳುವಾಗ ಹರಿದರೆ ಸಿಪ್ಪೆ ಹೆಚ್ಚಾಗಿದೆ, ಎರಡು ಚಮಚ ಅಕ್ಕಿಹಿಟ್ಟು ಬೆರೆಸಿ. ಅಂಟಿದರೆ ಕಾವು ಸಾಲದು.

ಪೀಚ್ ರಸಾಯನ: ಸಿಪ್ಪೆ ತೆಗೆದ ಹೋಳು, ಬೆಲ್ಲ, ಏಲಕ್ಕಿ, ತೆಂಗಿನಹಾಲು. ಹಸುವಿನ ಹಾಲು ಹಣ್ಣಿನ ಹುಳಿಗೆ ಒಡೆಯುತ್ತದೆ.

ಸೊಪ್ಪು

ಇಲ್ಲಿ ‘ಡಿಲ್’ ಅಂತ ಮಾರುವುದು ನಮ್ಮ ಸಬ್ಬಸಿಗೆಯೇ; ಅಕ್ಕಿರೊಟ್ಟಿಗೆ ಕಣ್ಣುಮುಚ್ಚಿ ಹಾಕಿ. ದಂಟು ಚೀನಿ ಅಂಗಡಿಗಳಲ್ಲಿ. ಬೀಟ್‌ರೂಟ್, ಮೂಲಂಗಿಯ ಎಲೆಯನ್ನು ಕತ್ತರಿಸಿ ಬಿಸಾಡಲು ಬಿಡಬೇಡಿ, ಕೇಳಿ ತನ್ನಿ. ರಸ್ತೆ ಬದಿ ಬೆಳೆದ ದಂಟು ಕೀಳಬೇಡಿ, ಕಳೆನಾಶಕ ಹೊಡೆದಿರುತ್ತಾರೆ.

ಕನ್ನಡ ಕೂಟದ ಪಿಕ್ನಿಕ್ಕಿಗೆ ತರುವಾಗ

ಅಡುಗೆ ಹೊರಗೆ ಇಡಬಹುದಾದ ಹೊತ್ತು ಎರಡು ಗಂಟೆ. 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನ ಒಂದೇ ಗಂಟೆ. ‘ನಮ್ಮ ಹೊಟ್ಟೆಗೆ ಏನೂ ಆಗಲ್ಲ’ ಅನ್ನಬೇಡಿ, ತಿನ್ನುವವರಲ್ಲಿ ಮಕ್ಕಳಿರುತ್ತಾರೆ. ಮೊಸರನ್ನಕ್ಕೆ ಹಾಲು ಹಾಕಿ ಎರಡು ಚಮಚ ಮೊಸರು ಬೆರೆಸುವ ಊರಿನ ಉಪಾಯದಿಂದ ಹುಳಿಯಾಗುವುದು ತಪ್ಪುತ್ತದೆ, ಕೆಡುವುದು ತಪ್ಪುವುದಿಲ್ಲ. ಮಂಜುಗಡ್ಡೆ ತುಂಬಿದ ಕೂಲರಿನಲ್ಲಿ ತನ್ನಿ. ಕಾಯಿಚಟ್ನಿಗೂ ಅದೇ ಮಾತು.

ಚಿಕ್ಕಪುಟ್ಟವು

ಸಿಂಕಿನ ಕೆಳಗಿನ ಕಸ ಅರೆಯುವ ಡಿಸ್ಪೋಸಲ್‌ಗೆ ಜೋಳದ ಸಿಪ್ಪೆ, ತೆಂಗಿನ ನಾರು, ಅನ್ನ ಹಾಕಬೇಡಿ.
ಹಣ್ಣು ಕೀಳಲು ತೋಟಕ್ಕೆ ಹೋದಾಗ ಬುಟ್ಟಿ ತುಂಬಿಸಿ, ಹೊಟ್ಟೆಯನ್ನಲ್ಲ.
ಊರಿನಿಂದ ಹಸಿ ಕರಿಬೇವು ತರಬೇಡಿ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಮೇಲೂ ಬದುಕುತ್ತದೆ. ಹೇಳದೆ ತಂದು ಸಿಕ್ಕಿಬಿದ್ದರೆ ದಂಡ.
ಕುಂಡದ ಕರಿಬೇವು, ದೊಡ್ಡಪತ್ರೆ ಬೇಸಿಗೆಯಿಡೀ ಹೊರಗಿರಲಿ. ರಾತ್ರಿ 50 ಡಿಗ್ರಿಗಿಂತ ಕೆಳಗಿಳಿಯತೊಡಗಿದ ಕೂಡಲೇ ಒಳಗೆ ತಂದು ದಕ್ಷಿಣದ ಕಿಟಕಿಯ ಬಳಿ ಇಡಿ, ನೀರು ಅರ್ಧಕ್ಕೆ ಇಳಿಸಿ.